‘ಯಾವುದೋ ಕಾಡುಹೂ’ ಎಂದರೆ ಸಾಲದು

ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ನಮ್ಮ ಜಾಲಪತ್ರಿಕೆಗಳಿಗೂ ಹೊರನಾಡ ಕನ್ನಡ ಸಂಘಗಳ ಸಂಚಿಕೆಗಳಿಗೂ ವಸಂತ ಬರುತ್ತದೆ. ಬರುವಾಗ ತನ್ನ ಸಾಮಾನು ಸರಂಜಾಮನ್ನೆಲ್ಲ ಕಟ್ಟಿಕೊಂಡೇ ಬರುತ್ತದೆ: ಒಂದು ಮಾವಿನ ಚಿಗುರು, ಅದರ ಮೇಲೊಂದು ಕೋಗಿಲೆ, ಒಂದಿಷ್ಟು ಬೇವಿನ ಹೂವು, ಒಂದು ಮೊಳ ಮಲ್ಲಿಗೆ. ಬರೆದವರು ಮುಲುಂಡಿನಲ್ಲಿರಲಿ, ಹಿಂಜವಡಿಯಲ್ಲಿರಲಿ, ಮಾಧಾಪುರದಲ್ಲಿರಲಿ, ಗಂಟು ಅದೇ. ಕವಿತೆಯೋ ಲಲಿತ ಪ್ರಬಂಧವೋ ಊರ ದಾರಿ ಬಿಟ್ಟು ಗುಡ್ಡದ ಕಡೆ ಎರಡು ಹೆಜ್ಜೆ ಇಟ್ಟಿತೆಂದರೆ ಅಲ್ಲಿ ‘ಯಾವುದೋ ಕಾಡುಹೂ’ ಅರಳಿ ನಿಂತಿರುತ್ತದೆ. ಅದಕ್ಕೆ ಬಣ್ಣವಿರುತ್ತದೆ, ಕಂಪಿರುತ್ತದೆ, ಬಹಳ ಸಲ ಒಂಟಿತನವೂ ಇರುತ್ತದೆ. ಹೆಸರು ಮಾತ್ರ ಇರುವುದಿಲ್ಲ.

ಈ ಬರಹದ ತಕರಾರು ಆ ‘ಯಾವುದೋ’ ಎಂಬ ಪದದ ಮೇಲೆ. ಹೊರನಾಡಿನಲ್ಲಿ ಕುಳಿತು ಕನ್ನಡದಲ್ಲಿ ಬರೆಯುವವರ ಬರವಣಿಗೆಯ ಒಂದು ದೊಡ್ಡ ಕೊರತೆ ಆ ಪುಟ್ಟ ಪದದಲ್ಲಿ ಅಡಗಿದೆ ಎಂದು ನನಗೆ ಅನ್ನಿಸುತ್ತದೆ. ಇದು ಸಸ್ಯಶಾಸ್ತ್ರದ ತಕರಾರಲ್ಲ, ಸಾಹಿತ್ಯದ ತಕರಾರೇ. ಆದರೆ ಅದನ್ನು ಹೇಳಬೇಕಾದರೆ ಮೊದಲು ಸ್ವಲ್ಪ ಬಿಸಿಲಿಗೆ ಹೋಗಬೇಕು.

ಪಂಚಾಂಗದ ವಸಂತ ಎಂದರೆ ಚೈತ್ರ, ವೈಶಾಖ. ಬೆಂಗಳೂರು ಮೈಸೂರಿನವರಿಗೆ ಚೈತ್ರ ಹಿತವಾಗಿದ್ದೀತು. ದಖ್ಖನಿನ ಬಯಲಲ್ಲಿ, ಸೊಲ್ಲಾಪುರದಿಂದ ಕಲಬುರ್ಗಿ ಹಿಡಿದು ಹೈದರಾಬಾದಿನವರೆಗೆ, ವೈಶಾಖವೆಂದರೆ 40 ಡಿಗ್ರಿ. ‘ವಸಂತ’ ಎಂಬ ಪದ ಅಲ್ಲಿಯ ಜನರ ಬಾಯಲ್ಲಿ ಬರುವುದೇ ಇಲ್ಲ. ನಮ್ಮ ಆಡುಮಾತಿಗೆ ಇರುವುದು ಮೂರೇ ಕಾಲ: ಬೇಸಿಗೆ, ಮಳೆಗಾಲ, ಚಳಿಗಾಲ. ಇನ್ನೂ ಸೂಕ್ಷ್ಮವಾಗಿ ಹೇಳಬೇಕೆಂದರೆ ರೈತರ ಮಳೆ ನಕ್ಷತ್ರಗಳಿವೆ. ವೈಶಾಖದ ಆಸುಪಾಸಿನಲ್ಲಿ ಭರಣಿ, ಆಮೇಲೆ ಕೃತ್ತಿಕೆ, ರೋಹಿಣಿ. ವಸಂತ ಪುಸ್ತಕದ ಮಾತು, ಭರಣಿ ಹೊಲದ ಮಾತು. ಹೂವುಗಳು ಹೊಲದ ಲೆಕ್ಕವನ್ನೇ ಹಿಡಿಯುತ್ತವೆ.

ಹಾಗಾಗಿ ವಸಂತದ ಕೊನೆಗೆ ನಮ್ಮ ಗುಡ್ಡಗಳಲ್ಲಿ ಹೂ ಹುಡುಕಲು ಹೋದವರಿಗೆ ಇಂಗ್ಲಿಷ್ ಪಠ್ಯದಲ್ಲಿ ಓದಿದ ಹಸಿರು ಹಾಸು, ಅದರ ಮೇಲೆ ಚೆಲ್ಲಿದ ಹೂವು ಸಿಗುವುದಿಲ್ಲ. ಸಿಗುವುದು ಸುಟ್ಟ ಹುಲ್ಲು, ಕಾದ ಕಲ್ಲು. ಆ ಕಲ್ಲಿನ ನಡುವೆ ಎಲೆಯ ಸುಳಿವೇ ಇಲ್ಲದೆ ನೇರ ನೆಲದಿಂದ ಎದ್ದ ಒಂದು ಕಡ್ಡಿ. ಅದರ ತುಂಬ ಮಾಸಲು ಬಣ್ಣದ ಸಣ್ಣ ಹೂಗಳು. ಹಗಲಿನಲ್ಲಿ ಮುದುಡಿಕೊಂಡಿದ್ದು ಬಿಸಿಲು ಇಳಿದ ಮೇಲೆ ಅರಳುತ್ತವೆ. ನಮ್ಮ ಕಡೆ ಅದಕ್ಕೆ ಕಾಡು ಈರುಳ್ಳಿ ಎನ್ನುತ್ತಾರೆ, ಮರಾಠಿಯಲ್ಲಿ ರಾನ್‌ಕಾಂದಾ. ಗೆಡ್ಡೆಯಲ್ಲಿ ಕೂಡಿಟ್ಟುಕೊಂಡ ನೀರು, ಹಿಟ್ಟಿನ ಬಲದ ಮೇಲೆ ಅದು ಮಳೆಗೆ ಮೊದಲೇ ಹೂಬಿಡುತ್ತದೆ, ಎಲೆ ಆಮೇಲೆ. ಗುಡ್ಡದ ಇಳಿಜಾರಿನಲ್ಲಿ ಕೊಡಸಿಗೆ ಬಿಳಿಯಾಗಿ ಅರಳಿರುತ್ತದೆ. ಹೊಂಗೆಯ ಕೆಳಗೆ ಅರಳು ಹುರಿದು ಚೆಲ್ಲಿದಂತೆ ಹೂ ಬಿದ್ದಿರುತ್ತದೆ. ಮುತ್ತುಗದ ಕೆಂಪು ಶಿವರಾತ್ರಿಯ ಸುತ್ತಮುತ್ತಲೇ ಉರಿದು ಮುಗಿದಿರುತ್ತದೆ. ಈಗ ಅದರಲ್ಲಿ ಚಪ್ಪಟೆ ಕಾಯಿಗಳು ತೂಗುತ್ತಿರುತ್ತವೆ. ಕವಳಿ ಪೊದೆಯ ಹೂ ಹಣ್ಣಾಗುವ ಹೊತ್ತು. ಮಾಥೇರಾನದಲ್ಲಿ ಅಂಜನಿಯ ಕೊಂಬೆಗಳಿಗೆ ನೀಲಿ ಹೂ ಮೆತ್ತಿಕೊಂಡಿರುತ್ತದೆ. ಹೊಳೆಯ ಬದಿಯಲ್ಲಿ ಹೊಳೆದಾಸವಾಳ, ಮರಾಠಿಯ ತಾಮಣ್. ಮಹಾರಾಷ್ಟ್ರದ ರಾಜ್ಯಪುಷ್ಪ ಇದೇ. ಎಲ್ಲಕ್ಕಿಂತ ಎದ್ದು ಕಾಣುವುದು ಕಕ್ಕೆ, ಎಲೆಯನ್ನೆಲ್ಲ ಉದುರಿಸಿ ಹಳದಿ ಗೊಂಚಲುಗಳನ್ನಷ್ಟೇ ಇಳಿಬಿಟ್ಟುಕೊಂಡು.

ಇಷ್ಟು ಬಿಸಿಲಲ್ಲಿ ಇವಕ್ಕೇಕೆ ಈ ಸಂಭ್ರಮ? ಕಾರಣ ಸರಳವಾಗಿದೆ. ಎಲೆ ಉದುರಿದರೆ ನೀರಿನ ಖರ್ಚು ಕಡಿಮೆ. ಎಲೆಯ ಮರೆ ಇಲ್ಲದಿದ್ದರೆ ಹೂವು ಹಕ್ಕಿಗೂ ಜೇನಿಗೂ ದೂರದಿಂದಲೇ ಕಾಣುತ್ತದೆ. ಮುತ್ತುಗದಂಥ ಮರದ ಬೀಜ ಬಲಿತು ನೆಲಕ್ಕೆ ಬೀಳುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯುತ್ತದೆ. ಈ ಹೂವುಗಳಿಗೆ ವಸಂತ ಸುಖದ ಕಾಲವಲ್ಲ, ಸಿದ್ಧತೆಯ ಕಾಲ. ಇಷ್ಟು ತಿಳಿದರೂ ಸಾಕು, ನಮ್ಮ ಯುಗಾದಿ ಸಂಚಿಕೆಯ ವಸಂತ ಎಷ್ಟು ಮೃದುವಾಗಿದೆ, ಎಷ್ಟು ಒಣಗಿಲ್ಲದೆ ಇದೆ ಎಂಬುದು ಗೊತ್ತಾಗುತ್ತದೆ. ನಾವು ಬರೆಯುವ ವಸಂತಕ್ಕೆ ಬಾಯಾರಿಕೆಯೇ ಇಲ್ಲ.

ಹಾಗಾದರೆ ಈ ಬಾಯಾರದ ವಸಂತ ನಮಗೆ ಬಂದದ್ದೆಲ್ಲಿಂದ? ಹಳಗನ್ನಡ ಕಾವ್ಯದಿಂದ ಎಂದು ಹೇಳುವುದು ರೂಢಿ. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳಿರಬೇಕೆಂಬ ಕಟ್ಟಳೆಯಲ್ಲಿ ಋತುವೂ ಇತ್ತು, ಉದ್ಯಾನವೂ ಇತ್ತು. ಹೂ ಕೊಯ್ಯುವುದೇ ಅಲ್ಲಿ ಒಂದು ಆಟ. ಹೆಣ್ಣಿನ ಕಾಲು ತಾಗಿದರೆ ಅಶೋಕ ಅರಳಬೇಕು, ಆಕೆ ಮದ್ಯ ಮುಕ್ಕುಳಿಸಿದರೆ ಬಕುಳ ಅರಳಬೇಕು ಎಂಬ ಕವಿಸಮಯಗಳಿದ್ದವು. ಇವೆಲ್ಲ ತೋಟದ ಹೂವುಗಳು, ಅರಮನೆಯ ಹಿತ್ತಿಲಿನವು. ಆದರೆ ಹಳೆಯ ಕವಿಗಳ ಮೇಲೆಯೇ ಎಲ್ಲ ಹೊರೆ ಹೊರಿಸುವುದು ನ್ಯಾಯವಲ್ಲ. ಅವರು ಹೂವಿಗೆ ಹೆಸರಿಟ್ಟೇ ಕರೆದರು. ಸಂಪಿಗೆ, ಸುರಗಿ, ಪಾದರಿ, ಕೇದಗೆ, ಇರುವಂತಿ ಎಂದು ಬಿಡಿಬಿಡಿಯಾಗಿ ಹೇಳುವ ಚಪಲ ಅವರಿಗಿತ್ತು. ‘ಯಾವುದೋ ಹೂ’ ಎಂದು ಬರೆಯುವ ಸೌಲಭ್ಯ ಇತ್ತೀಚಿನದು.

ಹೊರನಾಡ ಕನ್ನಡಿಗರು ಈ ವಿಷಯದಲ್ಲಿ ಒಬ್ಬ ಹಿರಿಯನನ್ನು ನೆನೆಯಲೇಬೇಕು. ಪಂಪ ತನ್ನ ‘ವಿಕ್ರಮಾರ್ಜುನ ವಿಜಯ’ವನ್ನು 941ರ ಹೊತ್ತಿಗೆ ಬರೆದದ್ದು ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ. ಇಂದು ಅದು ತೆಲಂಗಾಣದ ಊರು, ಹೈದರಾಬಾದಿನಿಂದ ಸುಮಾರು 150 ಕಿ.ಮೀ. ಅವನ ತಮ್ಮ ಜಿನವಲ್ಲಭ ಹಾಕಿಸಿದ ಕುರ್ಕ್ಯಾಲದ ಶಾಸನವೂ ಅಲ್ಲೇ ಹತ್ತಿರದ ಬಂಡೆಯ ಮೇಲಿದೆ. ಅಲ್ಲಿ ಕುಳಿತ ಪಂಪ ಅರ್ಜುನನನ್ನು ತೀರ್ಥಯಾತ್ರೆಯ ನೆಪದಲ್ಲಿ ಬನವಾಸಿಗೆ ಕರೆದೊಯ್ದು, ಆ ಸೀಮೆಯ ಹೂವನ್ನು, ಕೋಗಿಲೆಯನ್ನು, ತಂಗಾಳಿಯನ್ನು ಹಂಬಲಿಸಿ ಬರೆದ ಪದ್ಯಗಳು ಪ್ರತಿ ರಾಜ್ಯೋತ್ಸವದಲ್ಲೂ ನಮ್ಮ ವೇದಿಕೆಗಳ ಮೇಲೆ ಕೇಳಿಬರುತ್ತವೆ. ಅವು ಕೇಳಿಬರಬೇಕಾದವೇ. ದೂರವಿದ್ದವನಿಗೆ ಊರು ಎಷ್ಟು ನಿಚ್ಚಳವಾಗಿ ಕಾಣುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಕನ್ನಡದಲ್ಲಿಲ್ಲ.

ತೊಂದರೆ ಇರುವುದು ಪಂಪನಲ್ಲಲ್ಲ, ನಾವು ಅವನನ್ನು ಬಳಸಿಕೊಂಡ ಬಗೆಯಲ್ಲಿ. ಅವನ ಹಂಬಲವನ್ನು ನಾವು ಒಂದು ಅಚ್ಚು ಮಾಡಿಕೊಂಡೆವು. ಹೊರನಾಡಿನಲ್ಲಿ ಇದ್ದವನು ಊರಿನ ಹೂವನ್ನು ನೆನೆಯತಕ್ಕದ್ದು, ಇದ್ದಲ್ಲಿಯ ಹೂವು ಲೆಕ್ಕಕ್ಕಿಲ್ಲ ಎಂಬ ಅಚ್ಚು. ಸಾವಿರ ವರ್ಷ ಆ ಅಚ್ಚಿನಲ್ಲಿ ಎರಕ ಹೊಯ್ದರೆ ಹಂಬಲ ಉಳಿಯುವುದಿಲ್ಲ, ಅಚ್ಚಷ್ಟೇ ಉಳಿಯುತ್ತದೆ.

ಇದರ ಪಕ್ಕದಲ್ಲಿ ಇನ್ನೊಬ್ಬ ವಲಸಿಗನನ್ನು ಇಟ್ಟು ನೋಡೋಣ. ಕಾಳಿದಾಸನ ಯಕ್ಷ. ಅವನು ಹೊಟ್ಟೆಪಾಡಿಗೆ ಹೋದವನಲ್ಲ, ಶಾಪ ಪಡೆದು ಹೋದವನು. ಅಲಕೆಯನ್ನು ಬಿಟ್ಟು ರಾಮಗಿರಿಯ ಆಶ್ರಮಗಳಲ್ಲಿ ವರ್ಷ ಕಳೆಯಬೇಕಾಗಿದೆ. ಆ ರಾಮಗಿರಿ ನಾಗಪುರದ ಹತ್ತಿರದ ರಾಮಟೇಕ್ ಎಂದು ಹಲವರು ಗುರುತಿಸುತ್ತಾರೆ. ಆಷಾಢದ ಮೋಡ ಕಂಡಾಗ ಅವನು ಅದನ್ನು ಸ್ವಾಗತಿಸುವುದು ಯಾವ ಹೂವಿನಿಂದ? ಆಗಷ್ಟೇ ಅರಳಿದ ಕುಟಜದಿಂದ. ಕುಟಜವೆಂದರೆ ನಮ್ಮ ಕೊಡಸಿಗೆ, ಮರಾಠಿಯ ಕುಡಾ. ಬೇಸಿಗೆಯ ಕೊನೆಗೆ ಹೂವಾಗಲು ತೊಡಗಿ ಮಳೆಯವರೆಗೂ ಇರುವ ಗುಡ್ಡದ ಹೂವು. ಅಲಕೆಯ ವೈಭವವನ್ನೆಲ್ಲ ಆಮೇಲೆ ಪುಟಗಟ್ಟಲೆ ಬಣ್ಣಿಸುತ್ತಾನೆ, ಅದು ಬೇರೆ. ಆದರೆ ಮೋಡಕ್ಕೆ ಕೊಡಲು ಕೈಗೆ ಸಿಗುವುದು ಇದ್ದಲ್ಲಿಯ ಹೂವು. ಊರಿಗೆ ಕಳಿಸುವ ಸಂದೇಶ ಪರಸ್ಥಳದ ಕಾಡುಹೂವಿನ ಮೂಲಕವೇ ಹೊರಡಬೇಕು. ಮೇಘದೂತವನ್ನು ಕನ್ನಡಕ್ಕೆ ತಂದವರಲ್ಲಿ ಬೇಂದ್ರೆಯವರಿದ್ದಾರೆ. ಪುಣೆಯಲ್ಲಿ ಓದಿ, 1944ರಿಂದ 1956ರವರೆಗೆ ಸೊಲ್ಲಾಪುರದಲ್ಲಿ ಕನ್ನಡ ಕಲಿಸಿದವರು ಅವರು. ಯುಗಾದಿಯ ಬಗ್ಗೆ ಅವರು ಬರೆದ ಹೆಸರಾಂತ ಕವಿತೆಯಲ್ಲಿ ದುಂಬಿಗಳು ಮುತ್ತುವುದು ಹೊಂಗೆಗೆ. ಸುಮ್ಮನೆ ‘ಹೂವಿಗೆ’ ಅಲ್ಲ. ಬಯಲುಸೀಮೆಯ ಚೈತ್ರದಲ್ಲಿ ಹೊಂಗೆಯ ಕೆಳಗೆ ನಿಂತವರಿಗೆ ಆ ಒಂದು ಪದದ ಖಚಿತತೆ ಏನೆಂದು ತಿಳಿಯುತ್ತದೆ. ಆ ಕವಿತೆ ಇಷ್ಟು ವರ್ಷ ಬಾಡದೆ ಉಳಿದದ್ದರಲ್ಲಿ ಹೊಂಗೆಯ ಪಾಲೂ ಇದೆ.

ಕಾಡುಹೂವಿನ ಹೆಸರನ್ನು ನಾವು ಕಳೆದುಕೊಂಡದ್ದಕ್ಕೆ ಇನ್ನೊಂದು ಕಾರಣವಿದೆ. ಆಧುನಿಕ ಕನ್ನಡ ಅದನ್ನು ನೀತಿಪಾಠ ಮಾಡಿಕೊಂಡಿತು. ಡಿ.ವಿ. ಗುಂಡಪ್ಪನವರ ‘ವನಸುಮ’ವನ್ನು ಶಾಲೆಯಲ್ಲಿ ಕಲಿಯದವರು ಕಡಿಮೆ. ಯಾರ ಮೆಚ್ಚುಗೆಯನ್ನೂ ಬಯಸದೆ ಕಾಡಿನಲ್ಲಿ ತನ್ನಷ್ಟಕ್ಕೆ ಅರಳಿ ಕಂಪು ಬೀರುವ ಹೂವಿನಂತೆ ಬದುಕು ಆಗಲಿ ಎಂಬ ಪ್ರಾರ್ಥನೆ ಅದು. ಪ್ರಾರ್ಥನೆಯಾಗಿ ಅದು ದೊಡ್ಡದು. ಅಲ್ಲಿ ಹೂವಿಗೆ ಹೆಸರು ಬೇಕಿಲ್ಲ, ಏಕೆಂದರೆ ಹೆಸರು ಬೇಡವೆನ್ನುವುದೇ ಅದರ ತಾತ್ಪರ್ಯ. ಆದರೆ ಆ ಪದ್ಯದ ನಂತರ ಬಂದ ನೂರಾರು ಪದ್ಯಗಳಿಗೆ ಆ ಸಮರ್ಥನೆ ಇಲ್ಲ. ಅಲ್ಲೆಲ್ಲ ಕಾಡುಹೂವು ಎಂದರೆ ವಿನಯದ, ಒಂಟಿತನದ, ತಿರಸ್ಕೃತ ಪ್ರತಿಭೆಯ ಒಂದು ಗುರುತುಚೀಟಿ. ಬರೆಯುವವನು ತನ್ನನ್ನೇ ಅದರಲ್ಲಿ ಕಾಣುತ್ತಾನೆ, ಹೂವನ್ನು ಕಾಣುವುದಿಲ್ಲ.

ಅದೇ ಮನೆಯಲ್ಲಿ ಇದಕ್ಕೆ ಉತ್ತರವೂ ಹುಟ್ಟಿತು ಎಂಬುದು ಕನ್ನಡದ ಭಾಗ್ಯ. ಡಿ.ವಿ.ಜಿ.ಯವರ ಮಗ ಬಿ.ಜಿ.ಎಲ್. ಸ್ವಾಮಿ (1918–1980) ಸಸ್ಯವಿಜ್ಞಾನಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಇದ್ದವರು. ನಮ್ಮ ಹಾಗೆ ಹೊರನಾಡ ಕನ್ನಡಿಗರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅನುಭವವನ್ನು ಬರೆದ ‘ಹಸುರು ಹೊನ್ನು’ ಪುಸ್ತಕಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಪ್ಪನಿಗೆ ವನಸುಮ ಒಂದು ಆದರ್ಶ. ಮಗನಿಗೆ ಅದು ಇಂಥ ಗುಡ್ಡದ, ಇಂಥ ಕುಟುಂಬದ, ಇಂಥ ಹೆಸರಿನ, ಇಂಥ ಕತೆಯ ಒಂದು ಗಿಡ. ಸ್ವಾಮಿಯವರ ಪುಸ್ತಕದಲ್ಲಿ ಹೂವು ಯಾರಿಗೂ ಪಾಠ ಹೇಳುವುದಿಲ್ಲ. ಅದನ್ನು ನೋಡಲು ಹೋದ ಮನುಷ್ಯರು ಜಾರುತ್ತಾರೆ, ಹಸಿಯುತ್ತಾರೆ, ಒಬ್ಬರನ್ನೊಬ್ಬರು ಗೇಲಿ ಮಾಡುತ್ತಾರೆ; ಆ ಗದ್ದಲದ ನಡುವೆ ಗಿಡ ತನ್ನ ಪೂರ್ತಿ ವಿವರದೊಂದಿಗೆ ನಿಲ್ಲುತ್ತದೆ. ಹೆಸರು ಹೇಳಿದರೆ ಕಾವ್ಯ ಸತ್ತು ಶಾಸ್ತ್ರ ಉಳಿಯುತ್ತದೆ ಎಂದು ಹೆದರುವವರು ಆ ಪುಸ್ತಕವನ್ನು ಒಮ್ಮೆ ಓದಬೇಕು. ಹೆಸರಿನಿಂದಲೇ ಅಲ್ಲಿ ರಸ ಹುಟ್ಟುತ್ತದೆ.

ಮುಂಬಯಿಯ ಕನ್ನಡ ಕತೆ ಕಾದಂಬರಿ ಈ ದಾರಿ ಹಿಡಿಯಲಿಲ್ಲ. ಅದರ ಸಾಧನೆ ಬೇರೆ ಕಡೆ ಇದೆ, ಸಣ್ಣದೂ ಅಲ್ಲ. ಯಶವಂತ ಚಿತ್ತಾಲರು ಬದುಕಿನ ಬಹುಪಾಲನ್ನು ಮುಂಬಯಿಯಲ್ಲಿ ಕಳೆದು ಹನೇಹಳ್ಳಿಯನ್ನು ಬರೆದರು. 1979ರ ‘ಶಿಕಾರಿ’ಯಲ್ಲಿ ನಗರವನ್ನೂ ಬರೆದರು. ಅಲ್ಲಿಯ ನಗರವೆಂದರೆ ಕಚೇರಿ, ಫ್ಲ್ಯಾಟು, ಸಂಶಯ, ಬೇಟೆ. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳಲ್ಲಿ ಚಾಳು, ಸಿನಿಮಾ ಮಂದಿರ, ಆಸ್ಪತ್ರೆಯ ಕಾರಿಡಾರುಗಳ ನಡುವೆ ಮನುಷ್ಯರ ಮೇಲಿನ ಅಕ್ಕರೆ ಚಿಗುರುತ್ತದೆ. ಈ ಇಬ್ಬರನ್ನೂ ಮೆಚ್ಚಿಕೊಂಡೇ ಒಂದು ಮಾತು ಹೇಳಬಹುದು. ಒಟ್ಟು ನಮ್ಮ ವಲಸೆ ಬರವಣಿಗೆಯಲ್ಲಿ ಒಂದು ಪಾಲುಪಟ್ಟಿ ನಡೆದುಹೋಗಿದೆ: ಗಿಡಮರ, ಮಣ್ಣು, ಮಳೆ ಎಲ್ಲ ಊರಿನ ಪಾಲಿಗೆ, ಮನುಷ್ಯರು, ರೈಲು, ಏಕಾಂತ ಎಲ್ಲ ನಗರದ ಪಾಲಿಗೆ. ಊರಿಗೂ ನಗರಕ್ಕೂ ನಡುವೆ ಬಿದ್ದಿರುವ ನೆಲ ಯಾರ ಪಾಲಿಗೂ ಬರಲಿಲ್ಲ. ಕರ್ಜತ್, ಕಸಾರಾ, ಮುಳಶಿ, ಪುರಂದರ, ವಿಕಾರಾಬಾದ್, ಚೆಂಗಲ್ಪಟ್ಟು. ರೈಲಿನ ಕಿಟಕಿಯಲ್ಲಿ, ಬಸ್ಸಿನ ಕಿಟಕಿಯಲ್ಲಿ ನಾವು ನೂರು ಸಲ ದಾಟಿದ ನೆಲ ಅದು. ಕಾಡುಹೂಗಳು ಇರುವುದು ಅಲ್ಲೇ.

ಆ ನೆಲದ ಭಾಷೆಗಳು ಅದನ್ನು ಬರೆದುಕೊಂಡಿವೆ. ಮರಾಠಿಯಲ್ಲಿ ದುರ್ಗಾ ಭಾಗವತ್ ಅವರ ‘ಋತುಚಕ್ರ’ 1956ರಲ್ಲಿ ಬಂತು. ಹನ್ನೆರಡು ಮಾಸಗಳನ್ನು ಒಂದೊಂದಾಗಿ ಹಿಡಿದು ಆಯಾ ಮಾಸದ ಮರ, ಹೂ, ಹಕ್ಕಿ, ಬೆಳಕನ್ನು ನೋಡುವ ಪ್ರಬಂಧಗಳು. ಮಾಸದ ಹೆಸರು ಪಂಚಾಂಗದ್ದು, ನೋಟ ಮಾತ್ರ ಬರೆಯುವವಳ ಕಣ್ಣಿನದು. ತಮಿಳಿನಲ್ಲಿ ಸಂಗಂ ಕಾಲದ ‘ಕುರಿಂಜಿಪ್ಪಾಟ್ಟು’ ಎಂಬ ಒಂದೇ ಕವಿತೆಯಲ್ಲಿ ಹುಡುಗಿಯರು ಕೊಯ್ದು ಬಂಡೆಯ ಮೇಲೆ ರಾಶಿ ಹಾಕಿದ 99 ಹೂಗಳ ಹೆಸರಿದೆ. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಇದ್ದೂ ಇವನ್ನು ಓದದೆ ಬನವಾಸಿಯನ್ನಷ್ಟೇ ನೆನೆಯುವುದು, ನೆರೆಮನೆಯಲ್ಲಿ ಊಟಕ್ಕೆ ಎಲೆ ಹಾಕಿದ್ದರೂ ಬುತ್ತಿಯ ಗಂಟನ್ನೇ ಬಿಚ್ಚಿ ಕೂತಂತೆ.

ಕಕ್ಕೆಯ ಹೆಸರುಗಳನ್ನೇ ನೋಡಿ. ಪುಣೆಯಲ್ಲಿ ಅದು ಬಹಾವಾ. ಬಹಾವಾ ಹೂಬಿಟ್ಟರೆ ಮಳೆಗೆ ಹೆಚ್ಚು ದಿನವಿಲ್ಲ ಎನ್ನುವ ನಂಬಿಕೆ ಅಲ್ಲಿಯ ಹಳ್ಳಿಗರಲ್ಲಿದೆ. ಹೈದರಾಬಾದಿನಲ್ಲಿ ರೇಲ. ಚೆನ್ನೈಯಲ್ಲಿ ಕೊನ್ರೈ, ಶಿವನ ಮುಡಿಯ ಹೂವು. ಮಲಯಾಳಿಗಳಿಗೆ ವಿಷುವಿನ ಬೆಳಗ್ಗೆ ಮೊದಲು ಕಾಣಬೇಕಾದ ಕಣಿಕೊನ್ನ. ದೆಹಲಿಯಲ್ಲಿ ಅಮಲ್‌ತಾಸ್, ಮೇ ತಿಂಗಳಲ್ಲಿ ಅಮೃತಾ ಶೇರ್‌ಗಿಲ್ ಮಾರ್ಗದ ಎರಡೂ ಬದಿಗೆ ಅದು ಇಳಿಬಿದ್ದಿರುತ್ತದೆ. ಕನ್ನಡದಲ್ಲಿ ಕಕ್ಕೆ, ಬಾಯಿಗೆ ಸ್ವಲ್ಪ ಒರಟು. ಒಬ್ಬ ಕನ್ನಡಿಗ ಕೆಲಸ ಬದಲಾಯಿಸುತ್ತ ಈ ಎಲ್ಲ ಊರುಗಳಲ್ಲಿ ಇದ್ದುಬಂದಿದ್ದರೆ ಅವನ ಕಕ್ಕೆಗೆ ಐದು ಹೆಸರು, ಐದು ಬಗೆಯ ನೆನಪು ಅಂಟಿಕೊಂಡಿರಬೇಕು. ಧಾರವಾಡದಲ್ಲೋ ಶಿರಸಿಯಲ್ಲೋ ಉಳಿದವನಿಗೆ ಸಿಗದ ಸಂಪತ್ತು ಇದು. ವಲಸೆ ಹೋದವರು ಕನ್ನಡಕ್ಕೆ ತಂದುಕೊಡಬಹುದಾದದ್ದು ಇಂಥದ್ದು. ಆದರೆ ನಮ್ಮ ಬರಹದಲ್ಲಿ ಅದು ‘ಹಳದಿ ಹೂವು’ ಆಗಿ ಬಂದುಹೋಗುತ್ತದೆ. ಮುತ್ತುಗವೂ ಹಾಗೆಯೇ: ಪಳಸ, ಮೋದುಗ, ಢಾಕ್. ಎಲ್ಲಿಗೆ ಹೋದರೂ ಪಳಸಕ್ಕೆ ಎಲೆ ಮೂರೇ ಎಂದು ಮರಾಠಿಗರು ಗಾದೆ ಹೇಳುತ್ತಾರೆ. ಊರು ಬಿಟ್ಟವರ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳಿದ ಗಾದೆ ಇನ್ನೊಂದು ಇದೆಯೇ? ಆ ಮರದ ಶಾಸ್ತ್ರೀಯ ಹೆಸರು ‘ಬ್ಯೂಟಿಯಾ’. ಬ್ರಿಟನ್ನಿನ ಪ್ರಧಾನಿಯಾಗಿದ್ದ ಬ್ಯೂಟ್ ಎಂಬ ಪದವಿಯ ಶ್ರೀಮಂತನ ನೆನಪಿಗೆ ಇಟ್ಟದ್ದು. ನಮ್ಮ ಫೋನಿನ ಆಪ್ ಹೂವಿನ ಚಿತ್ರ ನೋಡಿ ಮೊದಲು ಹೇಳುವುದು ಆ ಹೆಸರನ್ನೇ. ಅಲ್ಲಿಗೆ ನಿಲ್ಲಿಸಿದರೆ ಗೊತ್ತಾದದ್ದು ಬ್ರಿಟನ್ನಿನ ಪ್ರಧಾನಿ, ಮುತ್ತುಗವಲ್ಲ.

ಇಲ್ಲಿ ‘ನಾಡಹೂವು’ ಎಂಬ ಮಾತಿಗೆ ಬರಬೇಕು. ನಮ್ಮ ಕವಿತೆಗಳ ಮೇ ತಿಂಗಳನ್ನು ಬಹುಪಾಲು ಆಳುವುದು ಗುಲ್‌ಮೊಹರ್. ಅದರ ಮೂಲ ಮಡಗಾಸ್ಕರ್. ಪುಣೆಯ ಟೇಕಡಿಗಳಲ್ಲಿ ಚಳಿಗಾಲದ ಕೊನೆಗೆ ತಿಳಿಗುಲಾಬಿಯಾಗಿ ಅರಳುವ ಗ್ಲಿರಿಸಿಡಿಯಾ ಮಧ್ಯ ಅಮೆರಿಕದ್ದು. ಬೋಳು ಗುಡ್ಡಗಳನ್ನು ಹಸಿರು ಮಾಡಬೇಕೆಂದು ನೆಟ್ಟದ್ದು. ಪ್ರತಿ ವರ್ಷ ಅದರ ಫೋಟೋಗಳು ‘ನಮ್ಮ ಚೆರಿ ಹೂವು’ ಎಂಬ ಹೆಸರಿನಲ್ಲಿ ಹರಿದಾಡುತ್ತವೆ. ದೆಹಲಿಯ ರಿಜ್‌ನಲ್ಲಿ ಹಬ್ಬಿರುವ ಮುಳ್ಳುಮರಕ್ಕೆ ಅಲ್ಲಿಯವರು ‘ವಿಲಾಯತಿ ಕೀಕರ್’ ಎಂದು ಅದರ ಪರದೇಶಿತನವನ್ನು ಹೆಸರಿನಲ್ಲೇ ಇಟ್ಟುಕೊಂಡಿದ್ದಾರೆ. ಅದೇ ಮರಕ್ಕೆ ನಾವು ಇಟ್ಟ ಹೆಸರು ಬಳ್ಳಾರಿ ಜಾಲಿ! ಅಮೆರಿಕ ಖಂಡದಿಂದ ಬಂದದ್ದಕ್ಕೆ ನಮ್ಮದೇ ಜಿಲ್ಲೆಯ ಹೆಸರು ಕೊಟ್ಟು ಮನೆಮಗ ಮಾಡಿಕೊಂಡಿದ್ದೇವೆ.

ಹೊರಗಿನದು, ಒಳಗಿನದು ಎಂದು ಹೀಗೆ ವಿಂಗಡಿಸುವಾಗ ವಲಸಿಗನ ನಾಲಿಗೆ ಒಂದು ಕ್ಷಣ ತಡವರಿಸಬೇಕು. ಏಕೆಂದರೆ ಈ ವಿಂಗಡಣೆಯ ಏಟು ತಿಂದವರು ನಾವು. 1960ರ ದಶಕದ ಮುಂಬಯಿಯಲ್ಲಿ ಭೂಮಿಪುತ್ರರ ಹೆಸರಿನಲ್ಲಿ ದಕ್ಷಿಣದವರ ವಿರುದ್ಧ ಕೂಗೆದ್ದಾಗ ಉಡುಪಿ ಹೋಟೆಲುಗಳ ಗಾಜು ಒಡೆದದ್ದನ್ನು ನಮ್ಮ ಹಿರಿಯರು ಇನ್ನೂ ಹೇಳುತ್ತಾರೆ. ಈ ನೆಲದಲ್ಲಿ ಹುಟ್ಟಿದ ಹೂವೇ ಶ್ರೇಷ್ಠ, ಬಂದದ್ದೆಲ್ಲ ಕಳೆ ಎಂದು ಬರೆಯುವ ಕೈ, ನಾಳೆ ಮನುಷ್ಯರ ಬಗ್ಗೆಯೂ ಅದೇ ವಾಕ್ಯ ಬರೆದೀತು. ಸ್ವಾಮಿಯವರೇ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಪುಸ್ತಕದಲ್ಲಿ ನಮ್ಮ ಅಡುಗೆಮನೆಯ ಎಷ್ಟು ಕಾಯಿಪಲ್ಲೆ ಕಡಲಾಚೆಯದು ಎಂದು ತೋರಿಸಿಕೊಟ್ಟರು. ಮೆಣಸಿನಕಾಯಿ ಇಲ್ಲದ ಉತ್ತರ ಕರ್ನಾಟಕದ ಊಟವನ್ನು ಊಹಿಸಲೂ ಆಗದು. ಆ ಮೆಣಸಿನಕಾಯಿ ಅಮೆರಿಕದ್ದು. ಬಂದದ್ದೆಲ್ಲ ಕಳೆಯಲ್ಲ. ಪ್ರಶ್ನೆ ಇರುವುದು, ಬಂದದ್ದು ಉಳಿದವಕ್ಕೆ ಜಾಗ ಬಿಡುತ್ತದೆಯೇ ಎಂಬುದರಲ್ಲಿ. ಮೆಣಸಿನ ಗಿಡ ಮಡಿಯಲ್ಲಿ ಇರುತ್ತದೆ. ಬಳ್ಳಾರಿ ಜಾಲಿ, ಲಂಟಾನ ಹಾಗಲ್ಲ. ಹಬ್ಬಿದ ಕಡೆ ಹುಲ್ಲು, ಗೆಡ್ಡೆ, ಪೊದೆ ಯಾವುದಕ್ಕೂ ನೆಲ ಉಳಿಯಗೊಡುವುದಿಲ್ಲ. ಮನುಷ್ಯನ ವಿಷಯದಲ್ಲಿ ಇದನ್ನು ಅಳೆಯುವುದು ಅವನು ಬಂದ ದಿಕ್ಕಿನಿಂದಲ್ಲ, ನೆರೆಯವರೊಂದಿಗೆ ಅವನು ಇರುವ ರೀತಿಯಿಂದ. ಇದ್ದಲ್ಲಿಯ ಹೂವಿನ ಹೆಸರು ಕಲಿಯುವುದು ಆ ರೀತಿಯ ಒಂದು ಸಣ್ಣ ಭಾಗ.

ಹೆಸರಿಲ್ಲದ್ದಕ್ಕೆ ಬೆಲೆಯೂ ಇರುವುದಿಲ್ಲ, ಇದು ಬರೀ ಮಾತಲ್ಲ. ದಖ್ಖನಿನ ತೆರೆದ ಹುಲ್ಲುಗುಡ್ಡಗಳು ಸರ್ಕಾರಿ ದಾಖಲೆಗಳಲ್ಲಿ ಬಹಳ ಕಾಲದಿಂದ ‘ಬಂಜರು’. ಬಂಜರು ಎಂದ ಮೇಲೆ ಅಲ್ಲಿ ಏನು ಮಾಡಿದರೂ ನಡೆಯುತ್ತದೆ: ಲೇಔಟು ಹಾಕಬಹುದು, ಗುಡ್ಡ ಕೊರೆದು ಜಲ್ಲಿ ತೆಗೆಯಬಹುದು, ಒಳ್ಳೆಯ ಉದ್ದೇಶದಿಂದಲೇ ಪರದೇಶದ ಮರ ನೆಡಬಹುದು. ಅಲ್ಲಿ ಕಾಡು ಈರುಳ್ಳಿ ಇದೆ, ಮೊದಲ ಮಳೆಗೆ ಎಲೆಗಿಂತ ಮುಂಚೆ ಹೂಬಿಡುವ ನೆಲದ ಆರ್ಕಿಡ್ ಇದೆ ಎಂಬುದು ಆ ‘ಬಂಜರು’ ಪದದೊಳಗೆ ಕಾಣುವುದಿಲ್ಲ. ನಮ್ಮ ಕವಿತೆಯ ‘ಯಾವುದೋ ಕಾಡುಹೂ’ ಆ ದಾಖಲೆಯ ‘ಬಂಜರು’ವಿನ ತಂಗಿ. ಎರಡೂ ಒಂದೇ ಕೆಲಸ ಮಾಡುತ್ತವೆ: ಇರುವುದನ್ನು ಇಲ್ಲವೆನ್ನಿಸುತ್ತವೆ. ಸಾತಾರದ ಕಾಸ್ ಪಠಾರದ ಗತಿ ಬೇರೆ. ಅದರ ಹೂವುಗಳಿಗೆ ಹೆಸರಿದೆ, ಪ್ರಚಾರವಿದೆ, 2012ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಸ್ಥಾನವಿದೆ. ಹಾಗಾಗಿಯೇ ಟಿಕೆಟ್, ದಿನಕ್ಕೆ ಇಷ್ಟೇ ಜನ ಎಂಬ ಮಿತಿ. ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೋಗಿ ಸೆಲ್ಫಿ ತೆಗೆದುಕೊಳ್ಳುವ ನಾವು, ಮೇ ತಿಂಗಳಿನಲ್ಲಿ ಮನೆಯ ಹಿಂದಿನ ಗುಡ್ಡ ಹತ್ತುವುದಿಲ್ಲ. ಅಲ್ಲಿ ‘ಏನೂ ಇಲ್ಲ’.

ಒಂದು ಆಕ್ಷೇಪ ಬರುವುದು ಖಂಡಿತ. ಕವಿತೆ ಸಸ್ಯಗಳ ಪಟ್ಟಿಯಲ್ಲ. ಹೆಸರು ತುರುಕಿದ ಮಾತ್ರಕ್ಕೆ ಬರಹ ಒಳ್ಳೆಯದಾಗುವುದಿಲ್ಲ. ನಿಜವೇ. ಆಪ್ ಹೇಳಿದ ಹೆಸರನ್ನು ತಂದು ಸಾಲಿಗೆ ಸಿಕ್ಕಿಸಿದರೆ ಅದು ಇನ್ನೊಂದು ಬಗೆಯ ಅಲಂಕಾರವಾಗುತ್ತದೆ, ಅಷ್ಟೆ. ಹೆಸರು ಬೇಕಾದದ್ದು ಹೆಸರಿಗಾಗಿ ಅಲ್ಲ, ಹೆಸರು ಗೊತ್ತಾಗಬೇಕಾದರೆ ಮಾಡಬೇಕಾದ ಕೆಲಸಕ್ಕಾಗಿ. ಬಗ್ಗಿ ನೋಡಬೇಕು. ಎಸಳು ಎಷ್ಟು, ಎಲೆ ಇದೆಯೇ ಇಲ್ಲವೇ, ಮುರಿದರೆ ಹಾಲು ಬರುತ್ತದೆಯೇ ಎಂದು ಗಮನಿಸಬೇಕು. ಸಂಜೆ ಮತ್ತೊಮ್ಮೆ ಬರಬೇಕು. ಅದಕ್ಕಿಂತ ಹೆಚ್ಚಾಗಿ ಯಾರನ್ನಾದರೂ ಕೇಳಬೇಕು: ದನ ಮೇಯಿಸುವವರನ್ನು, ಮುತ್ತುಗದ ಎಲೆಯ ದೊನ್ನೆಯಲ್ಲಿ ಕರವಂದ ಮಾರುವ ಹೆಂಗಸರನ್ನು. ಕೇಳಬೇಕಾದರೆ ಅವರ ಭಾಷೆ ಸ್ವಲ್ಪವಾದರೂ ಬರಬೇಕು. ಹತ್ತು ವರ್ಷದಿಂದ ಪುಣೆಯಲ್ಲಿದ್ದು ಸೆಕ್ಯುರಿಟಿಯವರೊಡನೆ ಹಿಂದಿಯಲ್ಲಿ, ಸಹೋದ್ಯೋಗಿಗಳೊಡನೆ ಇಂಗ್ಲಿಷಿನಲ್ಲಿ ಮಾತಾಡಿ ಕಾಲ ಹಾಕಿದ ಮನುಷ್ಯನಿಗೆ ಒಂದು ಕಾಡುಹೂವಿನ ಹೆಸರು ಕೇಳಲು ಮರಾಠಿ ಬೇಕಾಗುತ್ತದೆ. ‘ಯಾವುದೋ’ ಎಂದು ಬರೆದಾಗ ತಪ್ಪಿಹೋಗುವುದು ಈ ಮಾತುಕತೆ.

ಆಮೇಲಿನ ಕೆಲಸ ಕನ್ನಡದ್ದು. ಮರಾಠಿ ಹೆಸರು ಸಿಕ್ಕಿತು, ಆಪಿನಿಂದ ಲ್ಯಾಟಿನ್ ಹೆಸರು ಸಿಕ್ಕಿತು. ಕನ್ನಡದ ಹೆಸರನ್ನು ಹುಡುಕಬೇಕು. 1894ರ ಕಿಟೆಲ್ ನಿಘಂಟಿನಲ್ಲಿ ಗಿಡಮರಗಳ ಎಷ್ಟೋ ಹೆಸರುಗಳು ಲ್ಯಾಟಿನ್ ಹೆಸರಿನ ಜೊತೆಗೆ ದಾಖಲಾಗಿವೆ. ಊರಿಗೆ ಫೋನ್ ಮಾಡಿದಾಗ ಅಜ್ಜಿಯನ್ನೋ ಸೋದರಮಾವನನ್ನೋ ಕೇಳಬಹುದು. ಹಬ್ಬಕ್ಕೆ ಬರ್ತೀಯಾ, ಪಗಾರ ಹೆಚ್ಚಾಯಿತಾ ಎಂಬ ಎರಡು ಪ್ರಶ್ನೆಗಳಾಚೆಗೆ ಮಾತು ಹೊರಳಲು ಅದೊಂದು ನೆಪ. ಮಲೆನಾಡಿನವರು ಕೊಡಸಿಗೆ ಹೂವನ್ನು ಒಣಗಿಸಿಟ್ಟು ತಂಬುಳಿ ಮಾಡುವುದು ಹೇಗೆಂದು ಹೇಳಿಯಾರು. ಕರಾವಳಿಯವರಿಗೆ ಸುರಗಿಯ ನೆನಪಾದೀತು. ಒಣಗಿದ ಮೇಲೂ ಕಂಪು ಬಿಡದ ಆ ಹೂವಿನ ಹೆಸರನ್ನೇ ಯು.ಆರ್. ಅನಂತಮೂರ್ತಿಯವರು ತಮ್ಮ ಆತ್ಮಕಥೆಗೆ ಇಟ್ಟರು. ಅದೇ ಹೂವು ಕೊಂಕಣದಿಂದ ‘ಸುರಂಗಿ’ಯಾಗಿ ಮುಂಬಯಿಯ ಪೇಟೆಗೂ ಬರುತ್ತದೆ. ತೆಲಂಗಾಣದ ಬತುಕಮ್ಮದಲ್ಲಿ ಜೋಡಿಸುವ ‘ತಂಗೇಡು’ ನಮ್ಮ ತಂಗಡಿಯೇ ಎಂದು ಗೊತ್ತಾದಾಗ, ಪರಸ್ಥಳ ಎಂದುಕೊಂಡದ್ದು ಒಂದು ಅಕ್ಷರದಷ್ಟು ಹತ್ತಿರ ಬರುತ್ತದೆ. ವೇಮುಲವಾಡದ ದಾರಿಯಲ್ಲಿ ಈಗಲೂ ತಂಗಡಿ ಹಳದಿಯಾಗಿ ನಿಂತಿರುತ್ತದೆ. ಪಂಪ ಓಡಾಡಿದ ಸೀಮೆ ಅದು.

ಮುಂದಿನ ಯುಗಾದಿಗೆ ಪತ್ರಿಕೆಗಳು ಮತ್ತೆ ಬರಹ ಕೇಳುತ್ತವೆ. ಮಾವು, ಕೋಗಿಲೆ, ಬೇವು ಇರಲಿ, ಅವು ಎಲ್ಲಿಗೂ ಹೋಗುವುದಿಲ್ಲ. ಜೊತೆಗೆ ನೀವಿರುವ ಊರಿನ ಹೊರವಲಯದಲ್ಲಿ, ನೀವೇ ಬಿಸಿಲಲ್ಲಿ ಹೋಗಿ ನೋಡಿದ ಒಂದು ಹೂವು ಇರಲಿ. ಅಲ್ಲಿಯವರು ಕರೆಯುವ ಹೆಸರು, ನಮ್ಮವರು ಕರೆಯುವ ಹೆಸರು, ಎರಡೂ ಇರಲಿ. ಕೀಳುವುದು ಬೇಡ; ಅಪರೂಪದ್ದಾದರೆ ಜಾಗದ ಗುರುತನ್ನು ಫೋನಿನಲ್ಲಿ ಹಂಚುವುದೂ ಬೇಡ. ಇಷ್ಟು ಮಾಡಿದ ಬರಹ ಒಳ್ಳೆಯ ಕವಿತೆಯಾಗದೆ ಹೋಗಬಹುದು. ಆದರೆ ಅದನ್ನು ಬೆಂಗಳೂರಿನಲ್ಲಿ ಕುಳಿತವರು ಬರೆಯಲಾರರು, ನೀವೇ ಬರೆಯಬೇಕು.